ಅಂಬಿಗನ ಕಿವಿಯ ಕುರು

"ಗುರುಗಳೇ, ದೇವರು ಒಂದು ಸಲ ಕರೆದರೆ ಸಾಕೆಂದು ಕಾಯುತ್ತಿದ್ದೇನೆ. ಧ್ಯಾನಕ್ಕೆ ಕೂತರೂ ನಡುನಡುವೆ ಕಿವಿಗೊಟ್ಟು ಕೇಳುತ್ತೇನೆ. ಯಾಕೆ ಕರೆಯುತ್ತಿಲ್ಲ?" ಎಂದು ಶಿಷ್ಯ ಗುರುಪಾದ ಕೇಳಿದ. ಕೇಳುವಾಗ ಅವನ ಕಣ್ಣು ತುಂಬಿತ್ತು.

ಗುರುಗಳು ಹೇಳಿದರು:

ಒಬ್ಬ ಅಂಬಿಗನಿದ್ದ. ಅವನ ಬಲಗಿವಿ ಹುಟ್ಟಿನಿಂದಲೇ ಕಿವುಡು. ಎಡಗಿವಿ ಮಾತ್ರ ಬಲು ಚುರುಕು. ಆಚೆ ದಡದಲ್ಲಿ ಯಾರು ಕೂಗಿದರೂ ಹರಿಗೋಲು ಬಿಡುತ್ತಿದ್ದ. ಒಂದು ದಿನ ಹೆಂಡತಿಯೊಡನೆ ಮಾತಿಗೆ ಮಾತು ಬೆಳೆಯಿತು. ಅವಳು ಆಚೆ ದಡದ ತವರಿಗೆ ಹೊರಟಳು. ದಾಟಿಸಿದವನೂ ಅವನೇ. ನೀನಾಗಿ ಕೂಗಿದರೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ತಿರುಗಿ ಬಂದ. ಬಿದ್ದರೂ ಮೀಸೆ ಮಣ್ಣಾಗಬಾರದು ಎನ್ನುವವನು ಅವನು.

ಅವಳಿಲ್ಲದ ಮನೆಯಲ್ಲಿ ಅವನಿಗೆ ಅನ್ನ ಸೇರಲಿಲ್ಲ. ದಿನವೂ ಜನರನ್ನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದ, ಮರಳಿಗೆ ಕಾಲಿಡದೆ ಹಿಂದಿರುಗುತ್ತಿದ್ದ. ಈಚೆ ಕೂತು ಅವಳ ದನಿಗಾಗಿ ಹಂಬಲಿಸುತ್ತಿದ್ದ. ನೀರು ನಿಂತು ಎಡಗಿವಿ ಮಂದವಾದೀತೆಂದು ಹುಲ್ಲುಕಡ್ಡಿ ಹಾಕಿ ತಿರುವುತ್ತಿದ್ದ. ಕೊನೆಗೆ ಆ ಕಿವಿಯೊಳಗೇ ಕುರು ಎದ್ದಿತು. ದವಡೆ ಆಡಿಸಿದರೂ ಜೀವ ಹೋಗುವಂಥ ನೋವು.

ಊರಿನ ವೈದ್ಯ ಪಂಡಿತರು ನೋಡಿ, ಮದ್ದಿನಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ಕಿವಿಯಲ್ಲಿಟ್ಟರು. ಹೊರಗಿನಿಂದ ಬಿಸಿ ಬಟ್ಟೆಯ ಶಾಖ ಕೊಡು, ನೀರು ಸೋಕಿಸಬೇಡ, ಕಡ್ಡಿ ಹಾಕಬೇಡ, ನಾನು ಹೇಳುವವರೆಗೆ ಬತ್ತಿ ಕೀಳಬೇಡ ಎಂದರು. ಅಂಬಿಗ ತಲೆಯಾಡಿಸಿದ. ದಡಕ್ಕೆ ಬಂದದ್ದೇ ತಡ, ಅವಳು ಈಗಲೇ ಕೂಗಿದರೆ ಏನು ಗತಿ ಅನ್ನಿಸಿತು. ಬತ್ತಿ ಕಿತ್ತು ಆಲಿಸಿದ. ಬರೀ ಗಾಳಿ. ಮತ್ತೆ ತುರುಕಿದ, ಮತ್ತೆ ಕಿತ್ತ. ಕಿವಿ ಊದಿ ಪೂರ್ತಿ ಮುಚ್ಚಿಕೊಂಡಿತು.

ಮತ್ತೆ ತೋರಿಸಲು ಹೋದಾಗ ಪಂಡಿತರಿಗೆ ಸಿಟ್ಟು ಬಂತು. ಅವನಿಗೆ ಕೇಳಿಸಲೆಂದು ಕೂಗಿಯೇ ಕೇಳಿದರು, "ಯಾಕಯ್ಯಾ ಕೀಳುತ್ತೀಯ?"

"ಅವಳು ಕರೆದರೆ ಕೇಳಿಸಬೇಕಲ್ಲ, ಸ್ವಾಮಿ."

ಪಂಡಿತರು ಊದಿದ ಕಿವಿಯನ್ನು ಮೆಲ್ಲಗೆ ಒರೆಸಿದರು. ಹೊಸ ಬತ್ತಿ ಇಟ್ಟು ಕಳಿಸಿದರು.

ಅಂಬಿಗ ಬಂದು ದಡದಲ್ಲಿ ಕೂತ. ಇನ್ನು ಅವಳು ಗಂಟಲು ಹರಿಯುವಂತೆ ಕೂಗಿದರೂ ತನಗೆ ತಿಳಿಯದು. ಕಾಯುವುದಕ್ಕಾದರೂ ಕಿವಿ ಬೇಕಲ್ಲ, ಅದೂ ಹೋಯಿತು. ಹಾಗನ್ನಿಸಿದಾಗ ಅವನಿಗೆ ಅಳು ಬಂತು. ಅಳುತ್ತಲೇ ಹರಿಗೋಲು ಬಿಚ್ಚಿ ಹುಟ್ಟು ಹಾಕಿದ. ಆಚೆ ದಡದ ಮರಳಿಗೆ ಇಳಿದು, ಅವಳ ತವರಿನ ಬಾಗಿಲು ಬಡಿದ.

ಬಾಗಿಲು ತೆಗೆದವಳು ಅವಳೇ. ಊದಿದ ಕಿವಿಯನ್ನು ನೋಡಿದಳು. ಒಳಗೆ ಕರೆದು ಕೂರಿಸಿದಳು. ಬಟ್ಟೆ ಬಿಸಿ ಮಾಡಿ ಕಿವಿಯ ಮೇಲೆ ಒತ್ತಿ ಹಿಡಿದು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಆದರೂ ಅವನ ಕೈ ಬತ್ತಿಯ ಕಡೆಗೆ ಹೋಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಪಾದನಿಗೆ ತಡೆಯಲಾಗಲಿಲ್ಲ. "ಅವಳು ಏನೆಂದಳು, ಗುರುಗಳೇ?"

"ಅದು ಈ ದಡದಲ್ಲಿ ಕೂತವರಿಗೆ ಕೇಳಿಸುವುದಿಲ್ಲ."