ಹರಕೆ ಹರಿದ ಮೇಲಿನ ನೀರು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡವ್ವನ ಗಂಡ ಚನ್ನಮಲ್ಲಪ್ಪನವರು. ಪ್ರಾಯದಲ್ಲಿ ಅವರು ಹಾಸನಾಳದ ಗಣಿಯಿಂದ ಕಲ್ಲುಗಾಡಿ ಹೊಡೆಯುತ್ತಿದ್ದರು. ಇದರಲ್ಲಿ ಬರುವ ಅರವಟಿಗೆಯ ನೀರನ್ನು ಎಷ್ಟೋ ಸಲ ಕುಡಿದವರು. ಮೂರು ದಿನ ಕುಡಿಯದೆ ಮುಂದೆ ಹೋದವರು. ಆ ಮೂರು ದಿನದ ಮಾತನ್ನು ಅವರು ಎಂದೂ ಮುಚ್ಚಿಡಲಿಲ್ಲ.

ಹಾಸನಾಳದಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೊಂದರ ದಂಡೆಗೆ, ಹಾಸುಗಲ್ಲುಗಳನ್ನು ಒಂದಕ್ಕೊಂದು ಆನಿಸಿ ಮಾಡಿದ ಗುಡಿಸಲಿನಲ್ಲಿ ಪೂಜ್ಯ ಗುರುಶಾಂತ ಅಪ್ಪನವರು ವಾಸವಾಗಿದ್ದರು. ಮಠವಿಲ್ಲ, ಪಲ್ಲಕ್ಕಿಯಿಲ್ಲ. ಭಕ್ತರು ತಂದುಕೊಟ್ಟ ಹಳೆ ಬಟ್ಟೆಯ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದರು. ಚಳಿಗಾಲ ಬಂದಾಗ ಆ ಕೌದಿ ಯಾರ ಮೈಮೇಲೋ ಇರುತ್ತಿತ್ತು. ಅಪ್ಪನವರ ಮಾತು ಕಡಿಮೆ. ಆ ಕೊರತೆಯನ್ನು ಅವರ ಸೇವೆಗಿದ್ದ ರಾಚಯ್ಯನವರು ತುಂಬುತ್ತಿದ್ದರು. ರಾಚಯ್ಯನವರು ಆಚಾರವಂತರು, ಮನಸ್ಸಿನಲ್ಲಿ ಕೇಡಿಲ್ಲದವರು. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದಿದ್ದರು: “ಮ್ಯಾಲೆ ಒಬ್ಬ ನೋಡಾಕತ್ತಾನ ಅನ್ನೋ ಅಂಜಿಕಿ ಇದ್ರನ ಮನಿಷ್ಯಾ ನೆಟ್ಟಗಿರ್ತಾನ. ಅದನ್ನ ತಗದ್ರ ಅವಂಗೂ ದನಕ್ಕೂ ಏನು ಫರಕು?”

ಒಂದು ಬೇಸಿಗೆಯ ಮುಂಜಾನೆ ಅಲ್ಲಿಗೆ ಕಾಶವ್ವ ಬಂದಳು. ಗಣಿಯಲ್ಲಿ ಕಲ್ಲಿನ ಅಂಚು ಬಡಿಯುವ ಕೆಲಸದವಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಇದ್ದೊಬ್ಬಳೇ ಮಗಳು ಸುಗಲಾ. ಮೂರು ವರ್ಷದ ಹಿಂದೆ ಆ ಕೂಸಿಗೆ ಜ್ವರ ಬಂದು ಉಳಿಯುವ ಆಸೆ ಇಲ್ಲದಾದಾಗ ಕಾಶವ್ವ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು: ಮಗಳು ಬದುಕಿದರೆ ಹನ್ನೆರಡು ಬೇಸಿಗೆ ಗಾಡಿದಾರಿಯಲ್ಲಿ ಅರವಟಿಗೆ ನಡೆಸುತ್ತೇನೆ, ಬಂದವರಿಗೆಲ್ಲ ನೀರು ಹಾಕುತ್ತೇನೆ. ಮಗಳು ಬದುಕಿದಳು. ಅಪ್ಪನವರೇ ಕಾಶವ್ವನ ಕೈಗೆ ಹರಕೆಯ ದಾರ ಕಟ್ಟಿದ್ದರು. ದೂರದ ಬಾವಿಯಿಂದ ನೀರು ಹೊತ್ತು ತಂದು, ಬೇವಿನ ಮರದ ಕೆಳಗೆ ಹಸಿ ಉಸುಕಿನಲ್ಲಿ ಎರಡು ಮಣ್ಣಿನ ಹರವಿ ಹೂತಿಟ್ಟು, ಎರಡು ಬೇಸಿಗೆ ಒಂದು ದಿನವೂ ತಪ್ಪಿಸದೆ ನಡೆಸಿದಳು.

ಈಗ ಮೂರನೆಯ ಬೇಸಿಗೆ. ಅವಳು ಬಂದು ನಮಸ್ಕಾರ ಮಾಡಲಿಲ್ಲ. ತನ್ನ ಮನೆಯ ದೇವರ ಜಗಲಿಯಿಂದ ತಂದಿದ್ದ ಮಲ್ಲಯ್ಯನ ಮೂರ್ತಿಯನ್ನು ಸೆರಗಿನಿಂದ ತೆಗೆದು ಅಪ್ಪನವರ ಮುಂದಿಟ್ಟಳು.

“ಇದು ನನಗ ಬ್ಯಾಡ್ರಿ. ಈ ದಾರಾನೂ ಬಿಚ್ರಿ.”

ರಾಚಯ್ಯನವರು ಎದ್ದು ನಿಂತರು. “ಕಾಶವ್ವ, ಬಾಯಿ ಸಂಬಾಳಿಸು.”

“ಸಂಬಾಳಿಸಿ ಯಾರಿಗೆ ಏನು ಮಾಡೂದೈತಿ, ಅಯ್ಯನವರ?” ಎಂದಳು. ಅಳುತ್ತಿರಲಿಲ್ಲ. ಮಗಳನ್ನು ಮಣ್ಣು ಮಾಡಿದ ದಿನದಿಂದ ಅವಳ ಕಣ್ಣಲ್ಲಿ ನೀರೇ ಬಂದಿರಲಿಲ್ಲ. “ಅವತ್ತ ಮುಂಜಾನೆ ಕೂಸಿನ ಮೈ ಸ್ವಲ್ಪ ಬಿಸಿ ಇತ್ತು. ಇವತ್ತ ಹೋಗಂಗಿಲ್ಲ ಅಂದೆ. ‘ಹೋಗಿ ಬಾರಬೇ, ಹರಕಿ ತಪ್ಪಬಾರದು’ ಅಂತ ತಾನ ಕಳಿಸಿತು. ಅವತ್ತ ಒಂದು ದಿಬ್ಬಣ ಬಂತು. ನಗಕೋತ, ಚಾಷ್ಟಿ ಮಾಡಕೋತ ಎಲ್ಲಾರೂ ಕುಡದ್ರು. ಹೊತ್ತಾತು. ಮನಿಗೆ ಹೋದ್ರ ಕೂಸು ಹೋಗಿಬಿಟ್ಟಿತ್ತು. ತಂಬಿಗಿ ಬಾಜೂಕ ಉಳ್ಳಿ ಬಿದ್ದಿತ್ತು, ಕೈ ಅದರ ಕಡೆ ಚಾಚಿತ್ತು. ದಾರ್ಯಾಗ ಹೋಗೋರಿಗೆಲ್ಲಾ ನೀರು ಹಾಕಿದೆ, ಯಪ್ಪಾ. ನನ್ನ ಮಗಳ ಬಾಯಾಗ ಕಡೀ ಗುಟುಕು ಬಿಡಾಕ ನಾ ಇರಲಿಲ್ಲ.”

ಅಪ್ಪನವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಅವಳ ಕೈ ಹಿಡಿದು ದಾರದ ಗಂಟನ್ನು ತಾವೇ ಬಿಚ್ಚಿದರು. ಗಂಟು ನೀರು ಹೀರಿ ಹೀರಿ ಬಿಗಿದಿತ್ತು, ಬಹಳ ಹೊತ್ತು ಹಿಡಿಯಿತು.

“ಹರಕಿ ಹರೀತವ್ವ,” ಎಂದರು. “ಇನ್ನ ನೀನು ಯಾರಿಗೂ ಏನೂ ಕೊಡೂದು ಉಳಿದಿಲ್ಲ.”

ಮೂರ್ತಿಯನ್ನು ಅಲ್ಲೇ ಬಿಟ್ಟು ಕಾಶವ್ವ ಹೋದಳು. ರಾಚಯ್ಯನವರು ಆ ದಿನವೆಲ್ಲ ತಲೆ ಅಲ್ಲಾಡಿಸುತ್ತಿದ್ದರು. “ಅಂಜಿಕಿ ಹೋತು. ಇನ್ನು ಆಕಿ ಏನು ಬೇಕಾದ್ದು ಮಾಡ್ತಾಳ, ನೋಡ್ಕೋತ ಇರ್ರಿ.”

ಕಾಶವ್ವ ಮಾಡಿದ್ದು ಇಷ್ಟೇ: ಎಂಟು ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಒಂಬತ್ತನೆಯ ದಿನ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಬಿಸಿಲೇರುವ ಹೊತ್ತಿಗೆ ಬೇವಿನ ಕೆಳಗಿನ ಹರವಿಗಳು ತುಂಬಿದ್ದವು. ತಾನು ಯಾಕೆ ಬಂದೆ ಎಂಬುದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಯಲ್ಲಿ ಕೂತರೆ ದಾರಿಯ ಮೇಲಿನ ಗಾಡಿಗಳ ಸಪ್ಪಳ ಕೇಳುತ್ತಿತ್ತು. ಒಂದೊಂದು ಗಾಡಿಯ ಮೇಲೂ ಒಂದು ಒಣಗಿದ ಬಾಯಿ ಇದೆ ಎಂಬುದಷ್ಟೇ ಮನಸ್ಸಿನಲ್ಲಿ ನಿಲ್ಲುತ್ತಿತ್ತು.

ಆದರೆ ಯಾರೂ ಕುಡಿಯಲಿಲ್ಲ. ದೇವರನ್ನು ಮನೆಯಿಂದ ಹೊರಗೆ ಹಾಕಿದ ಕೈಯ ನೀರು ಕುಡಿಯಬಾರದೆಂದು ರಾಚಯ್ಯನವರು ಗಾಡಿಯವರಿಗೆಲ್ಲ ಹೇಳಿಬಿಟ್ಟಿದ್ದರು. ಚನ್ನಮಲ್ಲಪ್ಪನವರೂ ಎತ್ತು ನಿಲ್ಲಿಸದೆ ಹೋದರು.

“ಯಾಕೋ ಚನ್ನಮಲ್ಲ, ನೀರು ಬ್ಯಾಡೇನು?” ಎಂದು ಕಾಶವ್ವ ಕೂಗಿ ಕೇಳಿದಳು.

“ನೀರಡಿಕಿ ಇಲ್ಲಕ್ಕಾ.”

“ನಾಲಿಗಿ ತುಟಿಗಂಟೇತಿ, ನೀರಡಿಕಿ ಇಲ್ಲಂತ. ಹೋಗಪಾ ಹೋಗು, ಎತ್ತಾದ್ರೂ ಕುಡೀತಾವೇನು ಕೇಳು.”

ಸಂಜೆ ತುಂಬಿದ ಹರವಿಗಳನ್ನು ಬೇವಿನ ಬುಡಕ್ಕೆ ಸುರಿದು ಮನೆಗೆ ಹೋಗುತ್ತಿದ್ದಳು. ಮಗಳನ್ನು ಕಳೆದುಕೊಂಡವಳಿಗೆ ಉಳಿದಿದ್ದ ಒಂದು ಕೆಲಸವನ್ನೂ ಊರು ಕಿತ್ತುಕೊಂಡಿತ್ತು. ನಾಳೆಯೂ ಯಾರೂ ಕುಡಿಯದಿದ್ದರೆ ಹರವಿಗಳನ್ನು ಒಡೆದುಬಿಡುತ್ತೇನೆ ಎಂದು ಮೂರನೆಯ ಸಂಜೆ ನಿಶ್ಚಯಿಸಿದಳು.

ಮರುದಿನ ನಡು ಮಧ್ಯಾಹ್ನ, ಕಾದ ಹಾಸುಗಲ್ಲಿನ ಮೇಲೆ ಬರಿಗಾಲಿನಲ್ಲಿ ಅಪ್ಪನವರು ನಡೆದು ಬಂದರು. ರಾಚಯ್ಯನವರು ಮಡಿನೀರಿನ ತಂಬಿಗೆ ಹಿಡಿದು ಹಿಂದೆ ಹಿಂದೆ. ದಾರಿಯಲ್ಲಿ ಎರಡು ಗಾಡಿ ನಿಂತವು. ಅಪ್ಪನವರು ಕಾಶವ್ವನ ಮುಂದೆ ಬಾಗಿ ಬೊಗಸೆ ಒಡ್ಡಿದರು.

ಅವಳು ಹಿಂದಕ್ಕೆ ಸರಿದಳು. “ಹೇಳಿಬಿಡ್ತೀನ್ರಿ ಯಪ್ಪಾ. ನಾ ಆ ಮಲ್ಲಯ್ಯನ್ನ ನಂಬಂಗಿಲ್ಲ. ಇದು ಹರಕಿ ನೀರಲ್ಲ.”

“ನಂಬು ಅಂತ ನಾ ಕೇಳಿಲ್ಲವ್ವ. ನೀರಡಿಸೇನಿ.”

ಅವಳು ನೀರು ಬಿಟ್ಟಳು. ಇಷ್ಟಲಿಂಗಕ್ಕೆ ಅರ್ಪಿಸದೆ ಒಂದು ಹನಿಯನ್ನೂ ಬಾಯಿಗೆ ಇಡದ ಅಪ್ಪನವರು ಅಂದು ಹಾಗೆಯೇ ಕುಡಿದರು. ರಾಚಯ್ಯನವರ ಮುಖ ಬಿಳಿಚಿತು.

“ಅಪ್ಪಾ, ಅರ್ಪಣ ಆಗಲಿಲ್ಲ.”

“ಅರ್ಪಣ ಆಗಿ ಬಂದದ್ದನ್ನ ಮತ್ತ ಹ್ಯಾಂಗ ಅರ್ಪಿಸಲಿ, ರಾಚಯ್ಯ? ನಿನ್ನ ತಂಬಿಗಿ ಹಿಂದ ಅಂಜಿಕಿ ಐತಿ. ನನ್ನ ಪೂಜಿ ಹಿಂದ ಆಸೆ ಐತಿ. ಈಕಿ ನೀರಿನ ಹಿಂದ ಏನೂ ಇಲ್ಲ.”

ಆಗ ಕಾಶವ್ವ ಕೇಳಿದಳು: “ಹಂಗಾರ ಅವ ಅದಾನೋ ಇಲ್ಲೋ? ನೀವರ ಹೇಳ್ರಿ.”

“ನನಗ ಅದಾನವ್ವ. ಆದ್ರ ನಿನ್ನ ಮಗಳ ಚಾಚಿದ ಕೈ ಮುಂದ ನಿಂತು ಅದನ್ನ ಹೇಳೂವಷ್ಟು ದೊಡ್ಡಾವ ನಾನಲ್ಲ,” ಎಂದರು ಅಪ್ಪನವರು. ಅವರ ಕಣ್ಣುಗಳಿಂದ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಅದನ್ನು ಕಂಡು ಕಾಶವ್ವ ಹರವಿಯ ಪಕ್ಕ ಕುಸಿದು, ಮಗಳು ಸತ್ತ ಮೇಲೆ ಮೊದಲ ಬಾರಿ, ದಾರಿಯ ಜನರೆಲ್ಲ ನೋಡುತ್ತಿರುವಂತೆ ಬಾಯಿಬಿಟ್ಟು ಅತ್ತಳು.

ಅವಳ ಅಳು ನಿಲ್ಲುವವರೆಗೂ ರಾಚಯ್ಯನವರು ಬಿಸಿಲಿನಲ್ಲೇ ನಿಂತಿದ್ದರು. ಆಮೇಲೆ ತಂಬಿಗೆ ಕೆಳಗಿಟ್ಟು, ತಲೆಯ ರುಮಾಲು ತೆಗೆದು, ಅವಳ ಮುಂದೆ ಬೊಗಸೆ ಒಡ್ಡಿದರು. ಅವರ ಹಿಂದೆ ಗಾಡಿಯವರು. ಮುಂದಿನ ಬೇಸಿಗೆಯಿಂದ ಬಾವಿಯ ನೀರು ಹೊತ್ತು ತರುವವರು ರಾಚಯ್ಯನವರೇ ಆದರು. ಅಂಜಿಕೆಯ ಆ ಹಳೆಯ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಕೈಮುಗಿದು ಕೇಳುತ್ತೇನೆ. ಹೇಳುವಾಗ ಒಂದು ಎಚ್ಚರವಿರಲಿ. ಕೊನೆಗೆ ಕಾಶವ್ವ ಮತ್ತೆ ಪೂಜೆಗೆ ಕೂತಳು ಎಂದು ಕೆಲವರು ಭಕ್ತಿಯಿಂದ ಸೇರಿಸಿ ಹೇಳುವುದುಂಟು. ಅವಳು ಕೂರಲಿಲ್ಲ. ಇನ್ನೂ ಹತ್ತೊಂಬತ್ತು ಬೇಸಿಗೆ ನೀರು ಹಾಕಿದಳು, ದೇವರಿಲ್ಲದ ಬರಿ ಜಗಲಿಯ ಮನೆಯಲ್ಲೇ ಕಣ್ಣು ಮುಚ್ಚಿದಳು. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿರಿ.