ಕೆರೆ ಏರಿಯ ಮೇಲೆ ಹಿಂದೆ ಬಂದವನು

"ಬೆಳೆದ ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾಳೆ, ಬುದ್ಧಿ. ಅವಳಿಗೆ ಗೊತ್ತಾಗದ ಹಾಗೆ ಒಂದು ದಿನ ಹಿಂದೆ ಹೋಗಿ ನೋಡಿದರೆ ತಪ್ಪೇ?" ಎಂದು ಸ್ವಾಮಿಗಳನ್ನು ಅವರ ಶಿಷ್ಯ ಚೆನ್ನವೀರಯ್ಯ ಕೇಳಿದ.

ಸ್ವಾಮಿಗಳು ನಕ್ಕರು. "ಒಂದೇ ದಿನವೇನಯ್ಯಾ? ಕೂತುಕೋ, ಹೇಳುತ್ತೇನೆ," ಎಂದು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಗಿರಾಕಿ ಸೀರೆ ಮುಟ್ಟಿದರೆ ಕೈ ತೊಳೆದಿದ್ದಾನೋ ಇಲ್ಲವೋ ಎಂದು ನೋಡುವ ಆಸಾಮಿ. ಅವನ ಮಗಳು ಕೆರೆ ಏರಿಯ ಮೇಲೆ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಳು. ಇತ್ತೀಚೆಗೆ ಸಂಜೆ ತಡವಾಗಿ ಬರತೊಡಗಿದಳು. ಬರುವಾಗ ಮುಖದಲ್ಲಿ ನಗು ಬೇರೆ. ಆ ನಗು ಕಂಡೇ ವ್ಯಾಪಾರಿಯ ತಲೆಗೆ ಹುಳ ಹೊಕ್ಕಿತು.

"ಯಾಕಮ್ಮ ತಡ?" ಎಂದ.

"ನನ್ನ ಗೆಳತಿಗೆ ಸೈಕಲ್ ಇಲ್ಲಪ್ಪ. ಅವಳೊಬ್ಬಳೇ ನಡೀಬೇಕಲ್ಲ ಅಂತ ನಾವೆಲ್ಲ ಇಳಿದು ಸೈಕಲ್ ತಳ್ಳಿಕೊಂಡು ಬರ್ತೀವಿ."

ಕೇಳಿದೆಯಾ, ಸೈಕಲ್ ಇದ್ದೂ ನಡೆಯುತ್ತಾರಂತೆ! ಹೆತ್ತ ಅಪ್ಪನ ಕಿವಿಗೇ ಹೂವಿಡುತ್ತಿದ್ದಾಳೆ ಎಂದುಕೊಂಡ ವ್ಯಾಪಾರಿ.

ತನ್ನ ಗಾಡಿಯಾದರೆ ಸದ್ದಿಗೇ ಮಗಳು ಗುರುತು ಹಿಡಿಯುತ್ತಾಳೆ. ಮರುದಿನ ಪಕ್ಕದ ಅಂಗಡಿಯವನ ಮೊಪೆಡ್ ಕೇಳಿ ತಂದ. ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಏರಿಯ ಮೇಲೆ ಹಿಂದೆ ಹೋದ. ಮಗಳು ಹೇಳಿದ್ದು ನಿಜವಾಗಿತ್ತು. ಹುಡುಗಿಯರು ಸೈಕಲ್ ತಳ್ಳಿಕೊಂಡು, ಗೆಳತಿಯ ಜೊತೆ ಹರಟುತ್ತಾ ನಡೆಯುತ್ತಿದ್ದರು. ಅಷ್ಟು ನೋಡಿ ಮಹಾರಾಯ ಅಂಗಡಿಗೆ ಹಿಂದಿರುಗಬಹುದಿತ್ತು. ಆದರೆ ಇವತ್ತು ಯಾರೂ ಬರಲಿಲ್ಲ, ನಾಳೆ ಬಂದರೆ? ಮತ್ತೆ ಹೋದ. ಅದರ ಮರುದಿನವೂ ಹೋದ. ಅದೇ ಅಭ್ಯಾಸವಾಯಿತು.

ಬರಬರುತ್ತಾ ದಾರಿಯಲ್ಲಿ ಹುಡುಗಿಯರ ಹರಟೆ ನಿಂತಿತು. ತಿರುಗಿ ತಿರುಗಿ ನೋಡತೊಡಗಿದರು. ನಾನು ಅಂದುಕೊಂಡದ್ದೇ ಸರಿ, ಯಾರದೋ ದಾರಿ ಕಾಯುತ್ತಿದ್ದಾರೆ ಎಂದುಕೊಂಡ ವ್ಯಾಪಾರಿ.

ಒಂದು ಬೆಳಿಗ್ಗೆ ಮಗಳು ಸೈಕಲ್ ಮುಟ್ಟಲಿಲ್ಲ. ಅಳುತ್ತಾ ಅಪ್ಪನ ಮುಂದೆ ನಿಂತಳು.

"ಅಪ್ಪ, ಯಾರೋ ಒಬ್ಬ ಮುಖ ಮುಚ್ಚಿಕೊಂಡು ದಿನಾ ನಮ್ಮ ಹಿಂದೆ ಬರ್ತಾನೆ. ವಿಷಯ ಗೊತ್ತಾಗಿ ನನ್ನ ಗೆಳತಿಗೆ ಅವರ ಮನೇಲಿ ಶಾಲೇನೇ ಬಿಡಿಸಿಬಿಟ್ರು. ಯಾರಪ್ಪ ಅವನು?"

ವ್ಯಾಪಾರಿ ಮಗಳ ಮುಖ ನೋಡಲಾಗದೆ ಗೋಡೆ ನೋಡಿದ.

"ಕಾಲ ಕೆಟ್ಟಿದೆ ಕಣಮ್ಮ. ಇವತ್ತಿನಿಂದ ಆಟೋದಲ್ಲಿ ಹೋಗು," ಎಂದ.

ಸೈಕಲ್ಲು ಮೂಲೆ ಸೇರಿತು. ಆಟೋಗೆ ಕೊಡಲು ಗತಿಯಿಲ್ಲದ ಆ ಗೆಳತಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಚೆನ್ನವೀರಯ್ಯನಿಗೆ ತಡೆಯಲಾಗಲಿಲ್ಲ. "ಆದರೂ ಬುದ್ಧಿ, ಅವನೇನು ಕೆಟ್ಟವನಲ್ಲವಲ್ಲ. ಮಗಳನ್ನು ಕಾಯಲೆಂದೇ ಹೋದವನು."

ಸ್ವಾಮಿಗಳು ಅವನನ್ನೇ ನೋಡುತ್ತಾ ಕೇಳಿದರು: "ಹಾಗಿದ್ದರೆ ಅವಳು ಕೇಳಿದಾಗ 'ನಾನೇ ಕಣಮ್ಮ' ಎನ್ನಬಹುದಿತ್ತಲ್ಲ?"