ಹೊತ್ತಮ್ಮನ ಏರು

ಹಾಲುಗಲ್ಲು ಗುಡ್ಡದ ಮಣ್ಣುದಾರಿಗೆ ಇವತ್ತಿಗೂ ಡಾಂಬರು ಬಿದ್ದಿಲ್ಲ. ಬೀಳದೇ ಇರುವುದಕ್ಕೇ ಭಾನುವಾರ ಬೆಳಗಾದರೆ ಸೈಕಲ್ಲಿನವರೂ ಮೋಟಾರ್ ಬೈಕಿನವರೂ ಎಲ್ಲೆಲ್ಲಿಂದಲೋ ಬಂದು ಮುಗಿಬೀಳುತ್ತಾರೆ. ತಿರುವಿನ ಮೇಲೆ ತಿರುವು; ಯಾವ ಪುಣ್ಯಾತ್ಮ ಹೀಗೆ ಸುತ್ತಿಸಿದನೋ ಎಂದು ಏದುಸಿರಿನಲ್ಲೇ ಗೊಣಗುತ್ತಾರೆ. ಪುಣ್ಯಾತ್ಮನಲ್ಲ ಸ್ವಾಮಿ, ಪುಣ್ಯಾತ್ಗಿತ್ತಿ! ಗುಡ್ಡದ ಬುಡದಲ್ಲಿ ಮಾತ್ರ ದಾರಿ ಒಂದು ತಿರುವೂ ಇಲ್ಲದೆ ಬಂಡೆಯ ಮೇಲೆ ನೆಟ್ಟಗೆ ಏರುತ್ತದೆ. ಅದಕ್ಕೆ ಹೊತ್ತಮ್ಮನ ಏರು ಎಂದು ಹೆಸರು.

ಹಿಂದೆ ಒಮ್ಮೆ, ಗುಡ್ಡದ ಮೇಲಿನ ಕೋಟೆಯಲ್ಲಿ ನಾಯಕನೊಬ್ಬ ಆಳುತ್ತಿದ್ದ ಕಾಲದಲ್ಲಿ, ಕೋಟೆಯ ಪಕ್ಕದ ಹಟ್ಟಿಯಲ್ಲಿ ಬೊಮ್ಮಕ್ಕ ಎಂಬ ಕುರಿ ಕಾಯುವ ಹೆಂಗಸಿದ್ದಳು ಎನ್ನುತ್ತಾರೆ. ಸೂಲಗಿತ್ತಿ ಇದ್ದದ್ದು ಕೆಳಗಿನ ಊರಲ್ಲಿ. ಮುದುಕಿ, ಗುಡ್ಡ ಹತ್ತಲಾರಳು. ಹೆರಿಗೆ ಕಷ್ಟವಾದರೆ ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹಾಕಿ, ಕುರಿಗಳು ಇಳಿಯುವ ಕಡಿದಾದ ಕೊರಕಲಲ್ಲಿ ಇಳಿಸಬೇಕಿತ್ತು. ಬೊಮ್ಮಕ್ಕನ ಮಗಳನ್ನು ಹಾಗೆ ಇಳಿಸುವಾಗ ಹೊತ್ತವರ ಕಾಲು ಜಾರಿತು. ಜೋಲಿ ಉರುಳಿಹೋಯಿತು. ಮಗಳೂ ಉಳಿಯಲಿಲ್ಲ, ಹೊಟ್ಟೆಯ ಕೂಸೂ ಉಳಿಯಲಿಲ್ಲ. ಅದಾದ ಮರುವರ್ಷ ಸೊಸೆ ಕೆಂಚಮ್ಮ ಬಸುರಿಯಾದಳು. "ಇನ್ನೊಂದು ಹೆಣ ನಾನು ನೋಡೋಳಲ್ಲ" ಅಂದವಳೇ ಬೊಮ್ಮಕ್ಕ ನಾಯಕನ ಮುಂದೆ ಹೋಗಿ ನಿಂತು ದಾರಿ ಬೇಕೆಂದು ಕೇಳಿದಳು.

ನಾಯಕ ಮೀಸೆಯಲ್ಲೇ ನಕ್ಕ. "ದಾರಿ ಮಾಡಿದ್ರೆ ನಿನ್ನ ಸೊಸೆ ಒಬ್ಳೇ ಇಳೀತಾಳೇನು? ಹಗೆಯೋರ ಕುದುರೆ ಹತ್ತಿ ಬರಲ್ವಾ?" ಅವಳು ಜಗ್ಗದಿದ್ದದ್ದನ್ನು ನೋಡಿ ಕಡೆಗೊಂದು ಕರಾರು ಹಾಕಿದ. ಬುಡದ ಬಂಡೆಗೆ ಉಳಿ ತಾಗಿಸಕೂಡದು; ಅದು ಹಾಗೇ ಇದ್ದರೆ ಯಾವ ಕುದುರೆಯೂ ಹತ್ತದು. "ಆಗ್ಲಿ ದೊರೆ. ಅಷ್ಟು ದೂರ ನಾನೇ ಹೊತ್ತು ಇಳಿಸ್ತೀನಿ" ಅಂದಳು ಬೊಮ್ಮಕ್ಕ. ಸುತ್ತ ನಿಂತಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ.

ಹಟ್ಟಿಯ ಗಂಡಸರು ಹಾರೆ ಗುದ್ದಲಿ ಹಿಡಿದು ಬಂದರೇನೋ ಸರಿ, ದಾರಿಯನ್ನು ಎಲ್ಲಿ ತೆಗೆಯಬೇಕೆಂಬುದು ಒಬ್ಬರಿಗೂ ತಿಳಿಯದು. ಬೊಮ್ಮಕ್ಕ ಕಂಠಮಟ್ಟ ತುಂಬಿದ ನೀರಿನ ಕೊಡವನ್ನು ತಲೆಯ ಮೇಲಿಟ್ಟು, ಕೈಬಿಟ್ಟು ಇಳಿಯತೊಡಗಿದಳು. ನೀರು ತುಳುಕಿತೋ, ಇಳಿಜಾರು ಹೆಚ್ಚಾಯಿತೆಂದು ಅಲ್ಲೇ ತಿರುಗಿ ಅಡ್ಡಕ್ಕೆ ನಡೆಯುವಳು. ಹಿಂದೆ ಬಂದವರು ಅವಳ ಹೆಜ್ಜೆಗೆ ಬೂದಿ ಚೆಲ್ಲಿಕೊಂಡು ಅಗೆಯುವರು. ಬಿಸಿಲಿಗೆ ಬೇಸತ್ತ ಗಂಡಸರು ಒಮ್ಮೆ ಅವಳ ಕಣ್ಣು ತಪ್ಪಿಸಿ, ಒಂದು ತಿರುವನ್ನು ಬಿಟ್ಟು ನೇರವಾಗಿ ಕಡಿದುಬಿಟ್ಟರು. ಬೊಮ್ಮಕ್ಕ ಕೊಡ ಹೊತ್ತು ನಡೆದು ನೋಡಿದಳು. ಮುಖದ ಮೇಲೆಲ್ಲ ನೀರು. "ನಿಮ್ಮ ಹೊಟ್ಟೇಲಿ ಕೂಸಿದ್ದಿದ್ರೆ ಗೊತ್ತಾಗ್ತಿತ್ತು. ಮುಚ್ಚ್ರೋ ಅದನ್ನ!" ಎಂದು ಗದರಿ, ಕಡಿದದ್ದನ್ನೆಲ್ಲ ಅವರ ಕೈಯಲ್ಲೇ ಮುಚ್ಚಿಸಿ ಮತ್ತೆ ಮೊದಲಿನಿಂದ ಅಗೆಸಿದಳು.

ದಾರಿ ಬಂಡೆಯವರೆಗೆ ಬಂದು ಮುಟ್ಟುವ ಹೊತ್ತಿಗೆ ಕೆಂಚಮ್ಮನಿಗೆ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿತ್ತು. ಜೋಲಿ ಅಲುಗದೆ ತಿರುವುಗಳನ್ನೆಲ್ಲ ದಾಟಿ ಬಂಡೆಯ ನೆತ್ತಿಗೆ ಬಂತು. ಕೆಳಗೆ ನೋಡಿದ ಗಂಡಸರು ಹಿಂದಿನ ಸಲ ಜಾರಿದ್ದು ನೆನಪಾಗಿ ಜೋಲಿ ಇಳಿಸಿ ಹಿಂದೆ ಸರಿದರು. ಬೊಮ್ಮಕ್ಕ ಸೆರಗು ಸಿಕ್ಕಿಸಿ, ಸೊಸೆಯನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಸಿಕೊಂಡಳು. "ಬ್ಯಾಡ ಅತ್ತೆಮ್ಮ, ಇಬ್ರೂ ಸಾಯ್ತೀವಿ" ಎಂದು ಕೆಂಚಮ್ಮ ಅತ್ತಳು. "ಸಾಯೋಕೆ ಇಷ್ಟು ದೊಡ್ಡ ದಾರಿ ಯಾಕೆ ಮಾಡ್ಸಿದೆ? ಗಟ್ಟಿಯಾಗಿ ಹಿಡ್ಕೊಳೇ" ಅಂದ ಬೊಮ್ಮಕ್ಕ, ಬಂಡೆಗೆ ಮುಖ ಮಾಡಿ, ಮಂಡಿ ಊರುತ್ತ, ಕಾಲ್ಬೆರಳಲ್ಲಿ ತಡಕುತ್ತ ಹಿಮ್ಮುಖವಾಗಿ ಇಳಿದಳು. ಬುಡ ಮುಟ್ಟುವಾಗ ಎರಡು ಮಂಡಿಯೂ ರಕ್ತವಾಗಿತ್ತು. ಸೂಲಗಿತ್ತಿಯ ಗುಡಿಸಲ ಮುಂದೆ ಹಾಗೆಯೇ ನಿಂತಿದ್ದಳು, ಕೂಸಿನ ಅಳು ಕೇಳಿದ ಮೇಲೇ ಕೂತಳು.

ಆಮೇಲೆ ಕಾಲಲ್ಲಿ ಕಸುವಿರುವ ತನಕ ಹಟ್ಟಿಯ ಬಸುರಿಯರನ್ನೆಲ್ಲ ಅವಳೇ ಆ ಬಂಡೆಯಿಂದ ಹೊತ್ತಿಳಿಸಿದಳು, ಹೆಸರೇ ಹೊತ್ತಮ್ಮ ಎಂದಾಯಿತು ಎನ್ನುತ್ತಾರೆ. ಕೋಟೆ ಕುಸಿದು ಕಲ್ಲುಗುಡ್ಡೆಯಾಗಿದೆ. ಬಂಡೆಗೆ ಮಾತ್ರ ಯಾರೂ ಉಳಿ ತಾಗಿಸಿಲ್ಲ. ಅಲ್ಲಿಗೆ ಬಂದ ಬೈಕಿನವರು ಇಳಿದು ಒಬ್ಬರಿಗೊಬ್ಬರು ಕೈಜೋಡಿಸಿ ಬೈಕು ತಳ್ಳುತ್ತಾರೆ. ಸೈಕಲ್ಲಿನವರು ಸೈಕಲ್ಲನ್ನು ಹೆಗಲಿಗೇರಿಸುತ್ತಾರೆ. ಅರ್ಧದಲ್ಲಿ ನಿಂತು ಉಸ್ಸಪ್ಪಾ ಎಂದವರಿಗೆ, ಅಲ್ಲಿ ಕುರಿ ಮೇಯಿಸುವ ಹಟ್ಟಿಯ ಹೆಂಗಸರು ಕೂತಲ್ಲಿಂದಲೇ ಕೂಗಿ ಹೇಳುತ್ತಾರೆ:

"ಅದು ಬರೀ ಕಬ್ಬಿಣ ಕಣಪ್ಪಾ, ಹತ್ತು!"